ಎಣ್ಣೆಯ ಬೆನ್ನು ಹತ್ತಿ ಶಿರಾಡಿ ಏರಿದ ರಾತ್ರಿ

“ಬಿಡ್ಬೇಡಿ ಮಾರಾಯ್ರೆ, ಆಕ್ಸಿಲೇಟರ್ ಬಿಡ್ಲೇಬೇಡಿ! ಇನ್ನೂ ಕೊಡಿ!”

ನನ್ನ ಎಡ ಮೊಣಕೈ ಪಕ್ಕದಿಂದಲೇ ಮೇಸ್ತ್ರಿ ಅರಚಿದರು. ನಮ್ಮ ಹತ್ತು ಚಕ್ರದ ಟಾಟಾ 2515ರಲ್ಲಿ ಎಂಜಿನ್ ಕೂತಿರುವುದೇ ಕ್ಯಾಬಿನ್ನಿನ ನಡುವೆ, ಡ್ರೈವರ್ ಸೀಟಿಗೂ ಕ್ಲೀನರ್ ಸೀಟಿಗೂ ಮಧ್ಯೆ. ಅದರ ಬಾನೆಟ್ಟನ್ನು ಕಳಚಿ ಹಿಂದಿನ ಬರ್ತಿನ ಮೇಲೆ ಹಾಕಿಯಾಗಿತ್ತು. ಆ ಬಾಯಿಗೆ ಎದೆಯೊಡ್ಡಿ ಮೇಸ್ತ್ರಿ ಬೋರಲಾಗಿ ಮಲಗಿದ್ದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಕಾಟನ್ ವೇಸ್ಟು. ಆರು ಸಿಲಿಂಡರಿನ, 5.9 ಲೀಟರಿನ ಕಮಿನ್ಸ್ ಎಂಜಿನ್ ಪೂರ್ತಿ ಲೋಡಿನಲ್ಲಿ ಗರ್ಜಿಸುತ್ತಾ ಅವರ ಮುಖಕ್ಕೆ ಬಿಸಿಗಾಳಿ ಉಗುಳುತ್ತಿತ್ತು. ಹೊರಗೆ ಜುಲೈ ತಿಂಗಳ ಮಳೆ. ಗುಂಡ್ಯ ದಾಟಿ ಕೆಂಪುಹೊಳೆಯ ಕಡೆಗೆ ಏರುತ್ತಿದ್ದೆವು. ಹಿಂದೆ 16 ಟನ್ ಗೊಬ್ಬರದ ಮೂಟೆ. ಎಡಕ್ಕೆ ನೀರು ಸುರಿಸುವ ಗುಡ್ಡ, ಬಲಕ್ಕೆ ತಡೆಗೋಡೆ, ಅದರಾಚೆ ಕತ್ತಲು. ಆ ಕತ್ತಲೊಳಗೆ ಹೊಳೆ ಮೊರೆಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಬೆನ್ನಿಗೇ ಒಂದು ಗ್ಯಾಸ್ ಟ್ಯಾಂಕರಿನ ದೀಪ.

ಎಂಜಿನ್ನಿನ ಮೈಗೆಲ್ಲ ವಿಭೂತಿ ಬಳಿದಿತ್ತು. ನೆಲ್ಯಾಡಿಯಲ್ಲಿ ಡೀಸೆಲ್ ಹಾಕಿ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ, ಒಣಗಿಸಿದ ಮೇಲೆ ಮೇಸ್ತ್ರಿ ಸೀಮೆಸುಣ್ಣ ಕೇಳಿದ್ದರು. ಇರಲಿಲ್ಲ. ಡ್ಯಾಶ್‌ಬೋರ್ಡಿನ ದೇವರ ಪಟದ ಮುಂದಿದ್ದ ವಿಭೂತಿ ಗಟ್ಟಿಯನ್ನು ಕ್ಲೀನರ್ ಹುಡುಗ ಕೊಟ್ಟ. ಮೇಸ್ತ್ರಿ ಅದನ್ನು ಕಣ್ಣಿಗೊತ್ತಿಕೊಂಡು, ಪುಡಿ ಮಾಡಿ, ಬ್ಲಾಕಿನಿಂದ ಹೆಡ್ಡಿನವರೆಗೆ ತೆಳ್ಳಗೆ ಉದುರಿಸಿದ್ದರು. ಒಣಗಿದ ಬಿಳಿ ಪುಡಿಯ ಮೇಲೆ ಎಣ್ಣೆಯ ಒಂದು ಹನಿ ಎದ್ದರೂ ಕಪ್ಪು ಗೆರೆ ಬೀಳಬೇಕು. ಆ ಗೆರೆ ಎಲ್ಲಿ ಶುರುವಾಗುತ್ತದೋ ಅದೇ ಕಳ್ಳನ ಮನೆ.

ಈ ಕಳ್ಳ ಘಾಟಿಯಲ್ಲಿ ಮಾತ್ರ ಹೊರಗೆ ಬರುತ್ತಿದ್ದ. ಬಯಲಿನಲ್ಲಿ ಓಡಿಸಿದರೆ ಒಂದು ತೊಟ್ಟೂ ಇಲ್ಲ. ಗ್ಯಾರೇಜಿನಲ್ಲಿ ಗಂಟೆಗಟ್ಟಲೆ ಐಡಲಿನಲ್ಲಿ ಬಿಟ್ಟರೂ ಇಲ್ಲ. ಲೋಡ್ ಹೊತ್ತು ಶಿರಾಡಿ ಏರಿ ಸಕಲೇಶಪುರದಲ್ಲಿ ನಿಲ್ಲಿಸಿದರೆ ಮಾತ್ರ ಎಂಜಿನ್ ಕೆಳಗೆ ಕಪ್ಪು ಮಡು. ಮೊದಲ ಸಲ ಎಣ್ಣೆ ತೊಟ್ಟಿಕ್ಕಿದ್ದು ಫ್ಲೈವೀಲ್ ಹೌಸಿಂಗಿನ ತಳದ ತೂತಿನಿಂದ. ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಫ್ಲೈವೀಲ್ ತೆಗೆದು ಹಿಂದಿನ ಕ್ರ್ಯಾಂಕ್ ಸೀಲ್ ಬದಲಾಯಿಸಿದರು. ಈ ಎಂಜಿನ್ನಿನ ಆ ಸೀಲು ಟೆಫ್ಲಾನಿನದು. ಬೇರೆ ಸೀಲುಗಳ ಹಾಗೆ ಎಣ್ಣೆ ಸವರಿ ಕೂರಿಸುವಂತಿಲ್ಲ, ಶಾಫ್ಟನ್ನು ಚೊಕ್ಕ ಒರೆಸಿ ಒಣಗಿದಂತೆಯೇ ಕೂರಿಸಬೇಕು. ಹಾಗೇ ಕೂರಿಸಿದ್ದರು, ಕೆಲಸದಲ್ಲಿ ಏನೂ ಲೋಪವಿರಲಿಲ್ಲ. ಸ್ವಲ್ಪ ದಿನ ಹೌಸಿಂಗ್ ಒಣಗಿತ್ತು. ಆಮೇಲೆ ಎಣ್ಣೆ ಎಂಜಿನ್ ತಳದ ಆಯಿಲ್ ಚೇಂಬರಿನ ಪ್ಯಾಕಿಂಗಿನಿಂದ ಬಂತು. ಅದನ್ನು ಹಾಕಿಸಿದರೆ ಡೀಸೆಲ್ ಪಂಪಿನ ಹಿಂದೆ ಅಡಗಿರುವ ಟ್ಯಾಪೆಟ್ ಕವರಿನಿಂದ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ. ಕೊನೆಗೆ ನೋಡಿದವರೆಲ್ಲ ಒಂದೇ ರಾಗ ಎಳೆದರು: “ಬೋರ್ ಹೋಗೈತೆ, ಎಂಜಿನ್ ಇಳಿಸ್ಬೇಕು.” ಎಂಜಿನ್ ಇಳಿಸುವುದೆಂದರೆ ಲಾರಿ ಸಾಲದ ಮೇಲೆ ಇನ್ನೊಂದು ಸಾಲ.

ನೆಲ್ಯಾಡಿಯ ಈ ಹಿರಿಯ ಮೇಸ್ತ್ರಿ ಮಾತ್ರ ರಾಗ ಎಳೆಯಲಿಲ್ಲ. ಕೆಳಗೆ ನುಸುಳಿ ಒಂದು ಹನಿಯನ್ನು ಬೆರಳಿಗೆ ತಗೊಂಡು ಉಜ್ಜಿದರು, ಮೂಸಿದರು. ಗೇರ್ ಆಯಿಲಿಗೆ ಗಂಧಕದ ಗಬ್ಬು ವಾಸನೆ ಇರುತ್ತದೆ, ಇದಕ್ಕಿರಲಿಲ್ಲ. ಡೀಸೆಲಿನಷ್ಟು ತೆಳುವೂ ಅಲ್ಲ. ಎಂಜಿನ್ ಆಯಿಲ್ಲೇ. “ಬಿದ್ದ ಜಾಗ ನೋಡಿ ಎಂತ ಮಾಡ್ತೀರಿ? ಎದ್ದ ಜಾಗ ನೋಡ್ಬೇಕು. ಎಣ್ಣೆ ತೂಕಕ್ಕೆ ಕೆಳಗೆ ಇಳೀತದೆ, ಫ್ಯಾನಿನ ಗಾಳಿ ಹಿಂದಕ್ಕೆ ದೂಡ್ತದೆ. ಎಲ್ಲಿ ಸೋರಿದ್ರೂ ಕಡೆಗೆ ಬಂದು ಸೇರೋದು ಹಿಂದಿನ ಹೌಸಿಂಗಿಗೇ” ಅಂದರು. ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ ಐಡಲಿನಲ್ಲಿ ನೋಡಿದರು. ಸಣ್ಣ ಹೊಗೆ, ಅಷ್ಟೇ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ, ಎಳೆತದಲ್ಲಿ ಕೊರತೆ ಇಲ್ಲ. “ಘಾಟಿಯಲ್ಲಿ ಬರೋದನ್ನ ಘಾಟಿಯಲ್ಲೇ ಹಿಡೀಬೇಕು. ನಡೀರಿ, ನಾನೂ ಬರ್ತೇನೆ” ಎಂದು ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು ಹತ್ತಿದ್ದರು.

ಹಾಗೆ ಹತ್ತಿದವರು ಈಗ ನನ್ನ ಪಕ್ಕದಲ್ಲಿ ಬೋರಲು ಬಿದ್ದು ಒಂದೊಂದೇ ಜಾಗದ ಹೆಸರು ಕೂಗುತ್ತಿದ್ದರು. “ಟರ್ಬೊ ಆಯಿಲ್ ಪೈಪು, ಒಣಗಿದೆ! ಆಯಿಲ್ ಕೂಲರು, ಒಣಗಿದೆ! ಒಂದನೇ ಕವರು, ಒಣಗಿದೆ! ಎರಡು, ಮೂರು...” ಈ ಎಂಜಿನ್ನಿಗೆ ಆರು ಸಿಲಿಂಡರಿಗೂ ಹೆಡ್ ಮೇಲೆ ಬೇರೆ ಬೇರೆ ಪುಟ್ಟ ಕವರು. ನಾನು ರಸ್ತೆ ಬಿಟ್ಟು ಕಣ್ಣು ಕದಲಿಸುವಂತಿರಲಿಲ್ಲ. ಎದುರಿನಿಂದ ಇಳಿಯುವ ಬಸ್ಸುಗಳ ದೀಪ ಮಳೆಯಲ್ಲಿ ಒಡೆದು ಕಣ್ಣಿಗೆ ರಾಚುತ್ತಿತ್ತು. ವೈಪರ್ ಒರೆಸಿದಷ್ಟೇ ರಸ್ತೆ. ತಿರುವಿನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಒಮ್ಮೆ ಕೆಳಗೆ ಕುಸಿದು ಮತ್ತೆ ಎದ್ದಿತು. ನನ್ನ ಹೊಟ್ಟೆಯೊಳಗೆ ಏನೋ ಜಾರಿತು.

“ಐದನೇ ಕವರ್!” ಮೇಸ್ತ್ರಿಯ ದನಿ ಒಮ್ಮೆಲೇ ಏರಿತು. “ಬಂತು! ಬಂತು ನೋಡಿ! ಅಯ್ಯೋ, ಆರನೇದ್ರಲ್ಲೂ ಬಂತು!”

ಬಿಳಿ ವಿಭೂತಿಯ ಮೇಲೆ ಕಪ್ಪು ಗೆರೆ ಹರಿದು ಬಲಕ್ಕೆ ಇಳಿಯುತ್ತಿತ್ತು. ಬಲಕ್ಕೆ ಇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅದಕ್ಕೆ ಅಂಟಿಕೊಂಡ ಟರ್ಬೊ. ಲೋಡಿನಲ್ಲಿ ಘಾಟಿ ಏರುವಾಗ ಅದರೊಳಗೆ ಹರಿಯುವ ಹೊಗೆಯ ಬಿಸಿ 500, 600 ಡಿಗ್ರಿ ಮುಟ್ಟುತ್ತದೆ. ಎಣ್ಣೆ ಹೊತ್ತಿಕೊಳ್ಳಲು ಅಷ್ಟು ಬೇಕಾಗಿಲ್ಲ. ಕ್ಯಾಬಿನ್ನಿನೊಳಗೆ ಕಮಟು ಹೊಗೆ ತುಂಬಿತು. ಅದೇ ಹೊತ್ತಿಗೆ ಹುಡುಗ ಚೀರಿದ: “ಅಣ್ಣಾ! ಆಯಿಲ್ ಕಡ್ಡಿ ತಾನೇ ಮೇಲಕ್ ಬತ್ತಾ ಐತೆ!”

ಆಯಿಲ್ ಅಳೆಯುವ ಡಿಪ್‌ಸ್ಟಿಕ್, ಯಾರೂ ಮುಟ್ಟದೆ, ಕೊಳವೆಯಿಂದ ಬೆರಳುದ್ದ ಎದ್ದು ನಿಂತಿತ್ತು. ಅದರ ಬುಡದಿಂದ ಎಣ್ಣೆ ಪಿಚಕಾರಿಯಂತೆ ಚಿಮ್ಮುತ್ತಿತ್ತು.

ಮೇಸ್ತ್ರಿ ತಲೆಯೆತ್ತಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಂಜಿನ್ನಿನ ಸದ್ದು ಬದಲಾಯಿತು.

ನಾನು ಆಕ್ಸಿಲೇಟರ್ ಮೇಲಿಂದ ಕಾಲು ತೆಗೆದಿದ್ದೆ. ಎಂಜಿನ್ ಇಳಿಯಲಿಲ್ಲ, ಏರಿತು. ಇನ್ನೂ ಏರಿತು. ಇದು ನಿಮಿಷಕ್ಕೆ 2500 ಸುತ್ತಿನ ಎಂಜಿನ್ನು. ಮುಳ್ಳು ಕೆಂಪು ಗೆರೆ ದಾಟಿ ಹೋಯಿತು. ಸ್ಟಾಪ್ ಎಳೆದೆ. ಡೀಸೆಲ್ ನಿಂತಿರಬೇಕು, ಎಂಜಿನ್ ನಿಲ್ಲಲಿಲ್ಲ! ಕನ್ನಡಿಯಲ್ಲಿ ಟ್ಯಾಂಕರಿನ ದೀಪ ಕಾಣದಷ್ಟು ಬಿಳಿ ಹೊಗೆ. ಎಂಜಿನ್ ತನ್ನ ಎಣ್ಣೆಯನ್ನೇ ತಾನು ಕುಡಿದು ಓಡುತ್ತಿತ್ತು. ಟರ್ಬೊದ ಒಳಗೆ ನುಗ್ಗಿದ ಎಣ್ಣೆ ಗಾಳಿಯ ಜೊತೆ ಸಿಲಿಂಡರಿಗೆ ಹೋದರೆ ಡೀಸೆಲ್ ಎಂಜಿನ್ನಿಗೆ ಅದೂ ಇಂಧನವೇ. ಕೀಲಿಗೂ ಪೆಡಲಿಗೂ ಆಮೇಲೆ ಅದು ಬಗ್ಗುವುದಿಲ್ಲ. ಎಣ್ಣೆ ಮುಗಿಯುವವರೆಗೋ, ಪಿಸ್ಟನ್ ರಾಡು ಬ್ಲಾಕ್ ಒಡೆದು ಹೊರಗೆ ಬರುವವರೆಗೋ ಓಡುತ್ತದೆ. ಆ ಬ್ಲಾಕಿನ ಮೇಲೆ ಬಾಗಿದ್ದ ಮನುಷ್ಯನ ಎದೆಗೂ ಅದಕ್ಕೂ ಒಂದು ಗೇಣಿನ ಅಂತರ.

“ಏಳಿ ಮೇಸ್ತ್ರಿ, ಏಳಿ!”

“ಟಾಪ್ ಗೇರ್ ಹಾಕಿ! ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಡಿ! ಬಿಡಿ!”

ಕ್ಲಚ್ ಒತ್ತಿದೆ. ಹೊರೆ ಕಳಚಿದ ಎಂಜಿನ್ ಕಿರುಚಿತು. ಅಂಥ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಬಲಗಾಲು ಬ್ರೇಕಿನ ಮೇಲೆ, ಇಡೀ ಮೈಭಾರ ಅದರ ಮೇಲೆ. ಗೇರ್ ಲಿವರ್ ನಡುಗುತ್ತಾ ಕಿರ್ರೆಂದಿತು, ಕಚ್ಚಿಕೊಳ್ಳದೆ ಸತಾಯಿಸಿತು. ಎರಡೂ ಕೈ ಹಾಕಿ ದೂಡಿದೆ, ಬಿತ್ತು. ಎಡಗಾಲನ್ನು ಒಮ್ಮೆಗೇ ಎತ್ತಿಬಿಟ್ಟೆ. ಲಾರಿ ಬುಡದಿಂದ ತುದಿಯವರೆಗೆ ಅದುರಿತು. ಚಾಸಿ ಗಕ್ಕನೆ ಕುಪ್ಪಳಿಸಿತು. ಎಂಜಿನ್ ಎರಡು ಸಲ ಗುದ್ದಿ, ಸತ್ತಿತು.

ಮಳೆಯ ಸದ್ದು ಮಾತ್ರ ಉಳಿಯಿತು. ಎರಡು ಕ್ಷಣ ಅಷ್ಟೇ.

ಫ್ಯಾನ್ ನಿಂತದ್ದೇ ಮ್ಯಾನಿಫೋಲ್ಡಿನ ಮೇಲೆ ಎಣ್ಣೆ ಭುಗ್ಗೆಂದು ಹೊತ್ತಿಕೊಂಡಿತು. ಅಂಗೈಯಗಲದ ಹಳದಿ ಉರಿ, ಕ್ಯಾಬಿನ್ನಿನ ಒಳಗೇ, ನನ್ನ ಮೊಣಕಾಲ ಪಕ್ಕದಲ್ಲೇ. ಹುಡುಗ ನೀರಿನ ಕ್ಯಾನ್ ಎತ್ತಿದ. ಮೇಸ್ತ್ರಿ ಅವನ ಕೈ ಹೊಡೆದು ಕೆಡವಿದರು. “ನೀರು ಬೇಡ ಮಗಾ! ಉರಿಯೋ ಎಣ್ಣೆ ಎಲ್ಲಾ ಕಡೆ ಹರಡ್ತದೆ, ಮ್ಯಾನಿಫೋಲ್ಡ್ ಸೀಳ್ತದೆ! ಗೋಣಿ, ಒದ್ದೆ ಗೋಣಿ!” ಕಾಲಡಿ ಹಾಸಿದ್ದ, ಮಳೆಯಲ್ಲಿ ತೊಯ್ದ ಗೋಣಿಚೀಲವನ್ನು ಕಿತ್ತು ಉರಿಯ ಮೇಲೆ ಒತ್ತಿದರು. ಹೊಗೆ ಮುಖಕ್ಕೆ ಹೊಡೆದರೂ ಕೈ ತೆಗೆಯಲಿಲ್ಲ. ನಾನು ಹ್ಯಾಂಡ್ ಬ್ರೇಕ್ ಎಳೆದು ಹೊರಗೆ ಧುಮುಕಿದೆ. ಹುಡುಗ ಆಗಲೇ ಹಿಂದಿನ ಚಕ್ರಗಳಿಗೆ ಕಲ್ಲು ಕೊಡುತ್ತಿದ್ದ.

ಮೂವತ್ತು ಅಡಿ ಹಿಂದೆ ಗ್ಯಾಸ್ ಟ್ಯಾಂಕರ್ ನಿಂತಿತ್ತು. ಈ ದಾರಿಯಲ್ಲಿ ಓಡಾಡುವವರು ಯಾರೂ 2013ರ ಪೆರ್ನೆಯನ್ನು ಮರೆತಿಲ್ಲ. ಇದೇ ಹೆದ್ದಾರಿಯಲ್ಲಿ, ಉಪ್ಪಿನಂಗಡಿಯ ಕೆಳಗೆ, ಉರುಳಿದ ಗ್ಯಾಸ್ ಟ್ಯಾಂಕರಿಗೆ ಬೆಂಕಿ ಹತ್ತಿ ಜನ ಸತ್ತಿದ್ದರು. ಟ್ಯಾಂಕರಿನ ಚಾಲಕ ನಾಮಕ್ಕಲ್ ಕಡೆಯವನು. ಆ ರಾತ್ರಿ ಅವನು ಓಡಿಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ನಮ್ಮ ಕಡೆಗೇ ಓಡಿಬಂದ. ಕ್ಯಾಬಿನ್ ಹತ್ತಿ, ಗೋಣಿಯ ಅಂಚಿನಿಂದ ನಾಲಗೆ ಚಾಚುತ್ತಿದ್ದ ಉರಿಗೆ ಪುಡಿ ಹೊಡೆದ. ಆರಿತು. ಅವನ ಕೈ ಹಿಡಿದು ನಾನು ಏನು ಹೇಳಿದೆನೋ ನೆನಪಿಲ್ಲ. ಅವನಿಗೆ ಕನ್ನಡ ಬಾರದು, ನನಗೆ ತಮಿಳು ಅಷ್ಟಕ್ಕಷ್ಟೆ. ಅವನು ನನ್ನ ಬೆನ್ನು ತಟ್ಟಿ, ತನ್ನ ಹಿಂದೆ ನಿಂತ ಸಾಲಿಗೆಲ್ಲ ಟಾರ್ಚು ಬೀಸುತ್ತಾ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಎದುರಿನ ವಾಹನಗಳನ್ನು ತಡೆದು ಆ ಸಾಲನ್ನೆಲ್ಲ ನಮ್ಮ ಪಕ್ಕದಿಂದ ಮೇಲಕ್ಕೆ ಸಾಗಿಸಿದ.

ಈಗ ನಾವು ಮೂವರೇ. ಆನೆ ದಾಟುವ ಕಾಡು, ಫೋನಿಗೆ ಸಿಗ್ನಲ್ ಇಲ್ಲ. ಇಷ್ಟು ಲೋಡಿನ ಲಾರಿಯನ್ನು ಆ ತಿರುವಿನಲ್ಲಿ ತಿರುಗಿಸುವುದು ಆಗದ ಮಾತು. ಬೆಳಗಾದರೂ ಎಳೆಯುವ ಗಾಡಿ ಬರುವುದು ಯಾವಾಗಲೋ. ಗುಡ್ಡದಿಂದ ಆಗಾಗ ಸಣ್ಣ ಕಲ್ಲುಗಳು ಮಣ್ಣಿನೊಂದಿಗೆ ಜಾರಿ ಚರಂಡಿಗೆ ಬೀಳುತ್ತಿದ್ದವು. ಆ ಗುಡ್ಡದ ಬುಡದಲ್ಲಿ ರಾತ್ರಿಯಿಡೀ ನಿಲ್ಲುವ ಧೈರ್ಯ ಯಾರಿಗಿದೆ?

ಟರ್ಬೊ ಮುಟ್ಟುವಷ್ಟು ಆರಿದ್ದೇ ಮೇಸ್ತ್ರಿ ಮತ್ತೆ ಕೈಹಾಕಿದರು. ಹೋಸ್ ಬಿಚ್ಚಿ ಟರ್ಬೊದ ಚಕ್ರವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಲೋಡಿನಲ್ಲಿ ನಿಮಿಷಕ್ಕೆ ಲಕ್ಷ ಸುತ್ತಿನ ಹತ್ತಿರ ತಿರುಗುವ ಶಾಫ್ಟದು, ತೆಳು ಎಣ್ಣೆಯ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಬುಷ್ ಸವೆದಿದ್ದರೆ ಲೊಡಬಡ ಅನ್ನಬೇಕು. ಅನ್ನಲಿಲ್ಲ. “ಟರ್ಬೊ ಚಿನ್ನದ ಹಾಗೆ ಇದೆ ಮಾರಾಯ್ರೆ. ಹಾಗಾದ್ರೆ ಎಣ್ಣೆ ಗಾಳಿ ಕಡೆಗೆ ಯಾಕೆ ಹೋಯ್ತು?” ಟರ್ಬೊಗೆ ಹೋದ ಎಣ್ಣೆಯನ್ನು ಯಾವ ಪಂಪೂ ವಾಪಸ್ ಎಳೆಯುವುದಿಲ್ಲ. ಅದು ತನ್ನ ತೂಕಕ್ಕೆ ತಾನೇ ಒಂದು ದಪ್ಪ ಕೊಳವೆಯಲ್ಲಿ ಇಳಿದು ಬ್ಲಾಕಿಗೆ ಸೇರಬೇಕು. ಆ ಕೊಳವೆ ಬಿಚ್ಚಿ ಟಾರ್ಚು ಹಿಡಿದರು. ಚೊಕ್ಕವಾಗಿತ್ತು.

ಮೇಸ್ತ್ರಿ ಮಳೆಯಲ್ಲೇ ಸುಮ್ಮನೆ ನಿಂತರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಇಳಿಯುವ ದಾರಿ ಇದೆ, ಎಣ್ಣೆ ಇಳೀಲಿಲ್ಲ. ಅಂದ್ರೆ ಕೆಳಗಿಂದ ಯಾರೋ ತಳ್ತಾ ಇದ್ದಾರೆ. ಕಡ್ಡಿ ಎದ್ದದ್ದೂ ಅದಕ್ಕೇ. ಸೀಲು, ಚೇಂಬರು, ಟ್ಯಾಪೆಟ್ಟು, ಎಲ್ಲಾ ಒಂದೇ ಕಾಯಿಲೆ.” ಹಾಗೆನ್ನುತ್ತಲೇ ಟಾರ್ಚು ಹಿಡಿದು ಲಾರಿಯ ಕೆಳಗೆ ನುಸುಳಿದರು.

ಎಷ್ಟೇ ಗಟ್ಟಿಯ ಎಂಜಿನ್ನಿನಲ್ಲೂ ಉರಿದ ಗಾಳಿ ಸ್ವಲ್ಪ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿದೇ ಇಳಿಯುತ್ತದೆ. ಲೋಡ್ ಹೆಚ್ಚಿದಷ್ಟೂ ಹೆಚ್ಚು. ಆ ಗಾಳಿ ಹೊರಗೆ ಹೋಗಲೆಂದೇ ಬ್ರೀದರ್ ಪೈಪ್ ಇದೆ. ಟ್ಯಾಪೆಟ್ ಕವರಿನಿಂದ ಹೊರಟು ಚಾಸಿ ಪಕ್ಕದಲ್ಲಿ ನೆಲದ ಕಡೆಗೆ ಬಾಯಿ ಮಾಡಿ ಇಳಿಯುವ ಒಂದು ಕಪ್ಪು ಹೋಸು. ಸೀಲುಗಳೂ ಪ್ಯಾಕಿಂಗುಗಳೂ ಎಣ್ಣೆಯನ್ನು ತಡೆಯಲು ಇರುವಂಥವು, ಒತ್ತಡವನ್ನು ತಡೆಯಲು ಅಲ್ಲ. ಆ ದಾರಿ ಕಟ್ಟಿದರೆ ಎಲ್ಲಿ ಬಲ ಕಡಿಮೆಯೋ ಅಲ್ಲಿಂದ ಎಣ್ಣೆ ಹೊರಗೆ ಬರುತ್ತದೆ. ಆ ಜಾಗ ಭದ್ರ ಮಾಡಿದರೆ ಅದಕ್ಕಿಂತ ಒಂದು ತೂಕ ಹೆಚ್ಚು ಬಲದ ಜಾಗದಿಂದ.

“ಇಲ್ಲಿ ಬನ್ನಿ” ಎಂದು ಕೆಳಗಿನಿಂದ ಕರೆದರು. ನೀರು ಹರಿಯುವ ಕಾಂಕ್ರೀಟಿನ ಮೇಲೆ ಅಂಗಾತ ಮಲಗಿ ಸರಿದೆ. ಮೇಸ್ತ್ರಿ ಹೋಸಿನ ತುದಿಗೆ ಟಾರ್ಚು ಹಿಡಿದಿದ್ದರು. “ನೋಡಿ, ಇಡೀ ಎಂಜಿನ್ ಎಣ್ಣೆಯಲ್ಲಿ ಮಿಂದಿದೆ. ಈ ಬಾಯಿ ಮಾತ್ರ ಒಣಗಿದೆ. ಇಷ್ಟು ಓಡಿದ ಎಂಜಿನ್ನಿಗೆ ಬ್ರೀದರ್ ಬಾಯಿ ಸ್ವಲ್ಪ ಜಿಡ್ಡಾಗ್ಲೇಬೇಕು. ಉಸಿರಾಡಿದ್ರೆ ತಾನೆ ಜಿಡ್ಡಾಗೋದು?” ಹೋಸಿಗೆ ಬಾಯಿಟ್ಟು ಕೆನ್ನೆ ಉಬ್ಬಿಸಿ ಊದಿದರು. ಗಾಳಿ ಹೋಗಲಿಲ್ಲ. ನಾನೂ ಊದಿದೆ. ಕಣ್ಣಲ್ಲಿ ನೀರು ಬರುವ ತನಕ ಊದಿದ ಮೇಲೆ ಸುಂಯ್ ಎಂದು ಒಂದೆಳೆ ಹೋಯಿತು. ಐಡಲಿನಲ್ಲಿ ಆ ಒಂದೆಳೆಯೇ ಸಾಕಾಗುತ್ತಿತ್ತು. ಘಾಟಿಯಲ್ಲಿ ಸಾಲುತ್ತಿರಲಿಲ್ಲ.

ಕ್ಲಿಪ್ ಸಡಿಲಿಸಿ ಹೋಸ್ ಎಳೆದರು. ಕ್ಲಚ್ ತಂತಿಯ ಒಂದು ತುಂಡನ್ನು ಒಳಗೆ ತಿವಿದು ತಿರುವಿದರು. ಮೊದಲು ಹಾಲು ಬೆರೆಸಿದಂಥ ಬಿಳಿಚು ಜಿಡ್ಡು ಬಂತು. ಆಮೇಲೆ ಹೋಸನ್ನು ಚಕ್ರದ ಬೋಲ್ಟಿಗೆ ಬಡಿದರು. ಅಂಗೈಗೆ ಬಿದ್ದದ್ದು ಮಣ್ಣು! ಗಟ್ಟಿಯಾಗಿ ಒಣಗಿದ, ಹೆಬ್ಬೆರಳ ಗಾತ್ರದ, ಕೋಣೆ ಕೋಣೆಯಾಗಿ ಕಟ್ಟಿದ ಮಣ್ಣು. ಮೇಸ್ತ್ರಿ ಅದನ್ನು ಉಗುರಿನಿಂದ ಒಡೆದರು. ಒಳಗೆ ಮುದುರಿದ ಜೇಡಗಳು ಒತ್ತೊತ್ತಾಗಿ ತುಂಬಿಟ್ಟಂತೆ ಇದ್ದವು.

“ಕಣಜ!” ಅಂದ ಹುಡುಗ. “ಮಣ್ಣಿನ ಕಣಜ ಅಣ್ಣಾ, ನಮ್ ಮನೆ ಬಾಗ್ಲ ಸಂದೀಲೂ ಕಟ್ತದೆ!”

ಬೇಸಿಗೆಯಲ್ಲಿ ಲೋಡ್ ಸಿಗದೆ ಲಾರಿ ಊರಿನಲ್ಲಿ ಮನೆ ಮುಂದೆ ನಿಂತಿತ್ತು. ಆಗ ಯಾವುದೋ ತಾಯಿ ಕಣಜಕ್ಕೆ ಆ ಕಪ್ಪು ಹೋಸಿನ ಬಾಯಿ ಕಣ್ಣಿಗೆ ಬಿದ್ದಿದೆ. ಮಣ್ಣು ತಂದು ಕೋಣೆ ಕಟ್ಟಿ, ಜೇಡಗಳನ್ನು ಕುಟುಕಿ ಮೈ ಮರಗಟ್ಟಿಸಿ ಮರಿಯ ಊಟಕ್ಕೆಂದು ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚಿದೆ. ಅದು ಕಟ್ಟಿದ್ದಕ್ಕೆ ಎಂಜಿನ್ನಿನ ಜಿಡ್ಡು ಸೇರಿ ಸಿಮೆಂಟಾಗಿದೆ. ಇಳಿಸಿದ ಗೇರ್ ಬಾಕ್ಸು, ಬದಲಾಯಿಸಿದ ಸೀಲು, ಪ್ಯಾಕಿಂಗುಗಳು, ಬೋರ್ ಹೋಗಿದೆ ಎಂಬ ತೀರ್ಪು, ಎಲ್ಲವೂ ಈ ಮಣ್ಣಿನ ಬಿರಟೆಯ ಫಲ! ನನಗೆ ಆ ಕಣಜದ ಮೇಲೆ ಸಿಟ್ಟು ಬರಲಿಲ್ಲ. ಆ ಮಳೆಯಲ್ಲಿ ಕಾಂಕ್ರೀಟಿನ ಮೇಲೆ ಮಲಗಿಕೊಂಡೇ ಮೇಸ್ತ್ರಿಯ ಕಾಲು ಮುಟ್ಟಿದೆ. ಬೈದರು.

ಇನ್ನೂ ಗಂಡಾಂತರ ಮುಗಿದಿರಲಿಲ್ಲ. ಟರ್ಬೊದಿಂದ ಇಂಟರ್‌ಕೂಲರಿನವರೆಗೂ ಗಾಳಿಯ ಹಾದಿಯಲ್ಲಿ ಎಣ್ಣೆ ನಿಂತಿತ್ತು. ಅದನ್ನು ಹಾಗೇ ಬಿಟ್ಟು ಸ್ಟಾರ್ಟ್ ಮಾಡಿದರೆ ಎಂಜಿನ್ ಮತ್ತೆ ಹುಚ್ಚೆದ್ದು ಓಡುತ್ತದೆ. ಕೆಳಗಿನ ಹೋಸ್ ಬಿಚ್ಚಿದಾಗ ಕಪ್ಪು ಎಣ್ಣೆ ಗಳಗಳ ಸುರಿಯಿತು. ಬಟ್ಟೆ ತುರುಕಿ ಒರೆಸಿ, ಕಟ್ಟಿ ಬಿಗಿದರು. ಚೇಂಬರಿನಲ್ಲಿ ಡಿಪ್‌ಸ್ಟಿಕ್ಕಿನ ಕೆಳಗಿನ ಗೆರೆಗೂ ಎಣ್ಣೆ ಇರಲಿಲ್ಲ. 15 ಲೀಟರಿನ ಆಸುಪಾಸು ಹಿಡಿಯುವ ಎಂಜಿನ್ನಿದು, ತಂದಿದ್ದ ಕ್ಯಾನುಗಳನ್ನೆಲ್ಲ ಸುರಿದೆವು. ಮಳೆ ಹನಿ ಒಳಗೆ ಬೀಳದಂತೆ ಹುಡುಗ ತನ್ನ ಅಂಗಿ ಬಿಚ್ಚಿ ಹಿಡಿದು ನಿಂತ.

“ನೀವು ಸ್ಟಾರ್ಟ್ ಮಾಡಿ, ನಾನು ಇಲ್ಲಿರ್ತೇನೆ” ಎಂದು ಮೇಸ್ತ್ರಿ ಏರ್ ಫಿಲ್ಟರಿನಿಂದ ಪೈಪ್ ಕಳಚಿ, ಅದರ ಬಾಯಿ ಪಕ್ಕ ಒಂದು ಅಗಲದ ಹಲಗೆ ಹಿಡಿದು ನಿಂತರು. ಎಂಜಿನ್ ಕೈಮೀರಿದರೆ ಗಾಳಿಯನ್ನೇ ಮುಚ್ಚಬೇಕು. ಕೈಯಿಂದ ಮುಚ್ಚಲು ಹೋದರೆ ಎಳೆತಕ್ಕೆ ಕೈಯೇ ಹೋದೀತು. ಕೀಲಿ ತಿರುವುವಾಗ ನನ್ನ ಬೆರಳು ನಡುಗಿದ್ದು ನಿಜ. ಎಂಜಿನ್ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಸದ್ದು ಒಮ್ಮೆ ಮೇಲಕ್ಕೆ ಹಾರಿತು, ಮೇಸ್ತ್ರಿಯ ಹಲಗೆ ಪೈಪಿನ ಹತ್ತಿರ ಹೋಯಿತು, ಅಷ್ಟರಲ್ಲಿ ಸದ್ದು ಇಳಿಯಿತು. ಇಳಿದು ಐಡಲಿಗೆ ನಿಂತಿತು. ಆಯಿಲ್ ಪ್ರೆಶರ್ ಮುಳ್ಳು ಎದ್ದು ತನ್ನ ಜಾಗಕ್ಕೆ ಬಂತು. ಕೆಳಗೆ ಬಾಗಿದ ಹುಡುಗ ಬ್ರೀದರ್ ಬಾಯಿಗೆ ಅಂಗೈ ಹಿಡಿದು ಕೂಗಿದ: “ಉಸಿರು ಬತ್ತಾ ಐತೆ! ಬಿಸೀಗೆ ಬತ್ತಾ ಐತೆ ಅಣ್ಣಾ!”

ಪೈಪ್ ಹಾಕಿ, ಕಲ್ಲು ತೆಗೆಸಿ, ಫಸ್ಟ್ ಗೇರಿಗೆ ಹಾಕಿದೆ. ಮೇಸ್ತ್ರಿ ಐದನೇ, ಆರನೇ ಕವರುಗಳನ್ನು ಒರೆಸಿ ಉಳಿದ ವಿಭೂತಿಯನ್ನೆಲ್ಲ ಅಲ್ಲಿ ಉದುರಿಸಿ ಮತ್ತೆ ಬೋರಲು ಮಲಗಿದರು. ಕೆಂಪುಹೊಳೆ ದಾಟಿತು. ಏರು ಕಡಿದಾದಲ್ಲೆಲ್ಲ ಪೂರ್ತಿ ಆಕ್ಸಿಲೇಟರ್ ಕೊಟ್ಟೆ. ಪ್ರತಿ ತಿರುವಿನಲ್ಲೂ “ಹೇಗಿದೆ?” ಎಂದರೆ “ಒಣಗಿದೆ!” ಎಂಬ ಉತ್ತರ. ಮಾರನಹಳ್ಳಿಯಲ್ಲಿ ಟೀ ಅಂಗಡಿಯ ದೀಪ ಕಂಡಾಗಲೂ ಒಣಗಿತ್ತು. ಮೇಸ್ತ್ರಿ ಅಲ್ಲೇ ಇಳಿದು, ಮಂಗಳೂರಿಗೆ ಇಳಿಯುತ್ತಿದ್ದ ಲಾರಿಯೊಂದಕ್ಕೆ ಕೈ ಅಡ್ಡ ಹಾಕಿದರು. ನಾನು ಕೊಟ್ಟ ದುಡ್ಡಿನಲ್ಲಿ ಅರ್ಧ ವಾಪಸ್ ನನ್ನ ಜೇಬಿಗೇ ತುರುಕಿದರು. “ಹಾಸನದಲ್ಲಿ ಆಯಿಲ್ಲೂ ಫಿಲ್ಟರೂ ಬದಲಾಯಿಸಿ. ಹಳೇ ಫಿಲ್ಟರ್ ಕೊಯ್ದು ನೋಡಿ, ಬೇರಿಂಗಿನ ಮಿಂಚು ಕಂಡ್ರೆ ಲಾರಿ ಹತ್ಬೇಡಿ, ನಂಗೆ ಫೋನ್ ಮಾಡಿ.”

ಹಾಸನದಲ್ಲಿ ಗೊಬ್ಬರ ಇಳಿಸಿದ್ದೇ ಮೊದಲು ಆ ಕೆಲಸ ಮಾಡಿದೆ. ಫಿಲ್ಟರನ್ನು ಗರಗಸದಲ್ಲಿ ಕೊಯ್ದು ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಸಿಲಿಗೆ ಬಿಡಿಸಿ ನೋಡಿದೆವು. ಕಪ್ಪು ಮಸಿ ಬಿಟ್ಟರೆ ಲೋಹದ ಒಂದು ಕಣವೂ ಇರಲಿಲ್ಲ. ಹುಡುಗ ಬ್ರೀದರ್ ಹೋಸಿನ ಬಾಯಿಗೆ ಮತ್ತೊಮ್ಮೆ ಅಂಗೈ ಹಿಡಿದು ನೋಡಿ ಬಂದ. ಸಂಜೆ ಅರಸೀಕೆರೆಯಲ್ಲಿ ಮಂಗಳೂರಿಗೆ ತೆಂಗಿನಕಾಯಿ ಲೋಡ್ ಹಾಕಿಕೊಂಡೆವು.